ಆನೆ ನಡೆಯುವ ಆಟ

ನವೆಂಬರ್ 11, ಸೋಮವಾರ

ಎದ್ದೆ. ಬಸ್ ಹಿಡಿದೆ. ಶಾಲೆಗೆ ಹೋಗಿ ಬಂದೆ. ದಿನಾ ನಾಲ್ಕು ಸಾಲು ಬರೆಯಿರಿ ಎಂದು ಧಾರವಾಡದ ಡಾಕ್ಟರು ಹೇಳಿದ್ದಾರೆ, ನಾಲ್ಕು ಆಯಿತು.

ನವೆಂಬರ್ 13, ಬುಧವಾರ

ಅಂದಾನೆಪ್ಪ ಸರ್ ಇವತ್ತು ಒಂದು ಸುತ್ತೋಲೆ ಹಿಡಿದುಕೊಂಡು ಬಂದು, ಹೇಳಲೋ ಬೇಡವೋ ಎಂದು ನನ್ನ ಮುಂದೆ ಎರಡು ನಿಮಿಷ ನಿಂತರು. ಅವರು ನಮ್ಮ ಮುಖ್ಯಾಧ್ಯಾಪಕರು. ಉಳಿದವರ ಮುಂದೆ ಹುಲಿ. ನನ್ನ ಮುಂದೆ ಮಾತ್ರ ದನಿ ಇಳಿಯುತ್ತದೆ. ತೇರಗಾಂವದ ಆಚೆಯ ಈ ಶಾಲೆಗೆ ನಾನು ವರ್ಗವಾಗಿ ಬಂದು ಐದು ತಿಂಗಳಾದವು, ಒಂದು ದಿನವೂ ಅವರು ನನಗೆ ಯಾಕೆ ತಡ ಎಂದು ಕೇಳಿಲ್ಲ.

"ಅಕ್ಕೋರ, ಒಂದನೇತ್ತಾ ಎರಡನೇತ್ತಾ ಹುಡುಗೂರಿಗೆ ಒಂದ ಮುಟ್ಟೂ ಆಟ ಕಲಸಬೇಕಂತ್ರಿ. ನಮ್ಮ ಊರಾಗಿನ ಏನರ ಒಂದ ವಿಷಯ ಇಟ್ಕೊಂಡ. ಡಿಸೆಂಬರ್ ಇಪ್ಪತ್ತೊಂದಕ್ಕ ಆಫೀಸಿನವ್ರು ನೋಡಾಕ ಬರ್ತಾರಂತ. ನಿಮಗ ಆಗಂಗಿಲ್ಲಂದ್ರ ನಿರ್ಮಲಾ ಅಕ್ಕೋರಿಗೆ ಹೇಳ್ತೇನಿ. ನೀವೇನ್ ಮನಸಿಗೆ ಹಚ್ಕೋಬ್ಯಾಡ್ರಿ."

ನೋಡೋಣ ಸರ್ ಎಂದೆ.

ಮುಟ್ಟುವ ಆಟ ಎಂದರೆ ಒಬ್ಬರು ಬೆನ್ನಟ್ಟುವುದು, ಉಳಿದವರು ತಪ್ಪಿಸಿಕೊಳ್ಳುವುದು. ಅಂದರೆ ಓಡುವುದು. ನಾನು ಐದು ತಿಂಗಳಿಂದ ಒಂದು ಮಗುವನ್ನೂ ಓಡಿಸಿಲ್ಲ. ಆಟದ ಪೀರಿಯಡ್‌ನಲ್ಲಿ ಹುಣಸೆ ಬೀಜ ಎಣಿಸುತ್ತೇವೆ. ಕೂತಲ್ಲಿಂದಲೇ ಚೆಂಡು ಉರುಳಿಸುತ್ತೇವೆ. ಕಣ್ಣು ಮುಚ್ಚಿ ಯಾರ ದನಿ ಎಂದು ಹೇಳುತ್ತೇವೆ. ದೈಹಿಕ ಶಿಕ್ಷಣದ ಅಕ್ಕೋರು ಮಕ್ಕಳನ್ನು ಕೂರಿಸಿ ಸಂಬಳ ತೆಗೆದುಕೊಳ್ಳುತ್ತಾರೆ ಎಂದು ಯಾರೂ ಅನ್ನುವುದಿಲ್ಲ. ಅನ್ನಬಹುದಿತ್ತು.

ಹಳಿಯಾಳದ ಕಚೇರಿಗೆ ನಿಯೋಜನೆ ಕೇಳಿ ಅರ್ಜಿ ಬರೆದು ಚೀಲದಲ್ಲಿ ಇಟ್ಟುಕೊಂಡಿದ್ದೇನೆ, ಸರ್‌ಗೂ ಹೇಳಿದ್ದೇನೆ. ಕುರ್ಚಿ, ಮೇಜು, ಫೈಲು. ಅಲ್ಲಿ ಯಾರೂ ಓಡುವುದಿಲ್ಲ. ಈ ತಿಂಗಳಲ್ಲೋ ಮುಂದಿನ ತಿಂಗಳಲ್ಲೋ ಸರ್ ಸಹಿ ಹಾಕಿ ಕಳಿಸಿದರೆ ಮುಗಿಯಿತು.

ನವೆಂಬರ್ 14, ಗುರುವಾರ

ಮಕ್ಕಳ ದಿನ. ಲಾಡು ಹಂಚಿದೆವು. ನನಗೊಂದು ಗುಲಾಬಿ ಕೊಟ್ಟರು. ಎಲ್ಲಿಟ್ಟೆನೋ ಗೊತ್ತಿಲ್ಲ.

ನವೆಂಬರ್ 17, ಭಾನುವಾರ

ವಾರವಿಡೀ ಹಳಿಯಾಳದ ಬಾಡಿಗೆ ಕೋಣೆಯಲ್ಲಿರುತ್ತೇನೆ, ಭಾನುವಾರಕ್ಕೆ ದಾಂಡೇಲಿಯ ಮನೆಗೆ ಬರುತ್ತೇನೆ. ಉದಯಕುಮಾರ ಮಿಲ್ಲಿನ ಬೆಳಗಿನ ಪಾಳಿಗೆ ಹೋಗಿದ್ದಾರೆ. ನನ್ನ ಗಂಡ ಒಳ್ಳೆಯ ಮನುಷ್ಯ. ಮುಗೀತಲ್ಲ, ಬಿಡು ಎನ್ನುತ್ತಾರೆ. ಅವರಿಗೂ ಗೊತ್ತಿಲ್ಲದ್ದನ್ನು ಇಲ್ಲಿ ಬರೆದುಬಿಡುತ್ತೇನೆ. ಈ ಪುಸ್ತಕವನ್ನು ಯಾರೂ ನೋಡುವುದಿಲ್ಲ.

ಕಳೆದ ವರ್ಷ ಆಗಸ್ಟ್ 18, ಶುಕ್ರವಾರ. ಇಲ್ಲಿಯ ಶಾಲೆಯಲ್ಲಿ ತಾಲೂಕು ಪಂದ್ಯಕ್ಕೆ ಖೋ ಖೋ ತಂಡವನ್ನು ತಯಾರು ಮಾಡುತ್ತಿದ್ದೆ. ಏಳನೇ ತರಗತಿಯ ತುಳಜಾ ನನ್ನ ತಂಡದ ಎಲ್ಲರಿಗಿಂತ ಜೋರಿನ ಹುಡುಗಿ. ಮೈದಾನ ಸುತ್ತಿಸುತ್ತಿದ್ದೆ. ನನ್ನ ಹತ್ತಿರ ಬಂದಾಗ, "ಟೀಚರ್, ಎದಿ ನೋಯಾಕತ್ತೈತ್ರಿ" ಎಂದಳು. "ಇನ್ನೊಂದ ರೌಂಡ್" ಎಂದೆ. ಆ ರೌಂಡ್ ಅವಳು ಮುಗಿಸಲಿಲ್ಲ.

ಹುಟ್ಟಿನಿಂದಲೇ ಹೃದಯದಲ್ಲಿ ತೊಂದರೆ ಇತ್ತು, ಯಾರಿಗೂ ಗೊತ್ತಾಗುವಂಥದ್ದಲ್ಲ ಎಂದರು ಆಸ್ಪತ್ರೆಯಲ್ಲಿ. ವಿಚಾರಣೆಗೆ ಬಂದವರು, ಹುಡುಗಿ ಮೊದಲು ಏನಾದರೂ ಹೇಳಿದ್ದಳಾ ಎಂದು ಕೇಳಿದರು. ಇಲ್ಲ ಎಂದೆ. ತಂಡದ ಹುಡುಗಿಯರನ್ನು ಅವರು ಕೇಳಲಿಲ್ಲ, ಮಕ್ಕಳನ್ನು ಯಾರು ಕೇಳುತ್ತಾರೆ. ಶಿಕ್ಷಕಿಯ ತಪ್ಪಿಲ್ಲ ಎಂದು ಬರೆದುಕೊಂಡು ಹೋದರು. ಅವತ್ತು ಆಸ್ಪತ್ರೆಯಲ್ಲಿ ತುಳಜಾಳ ತಾಯಿ ನಾನಿಬಾಯಿ ನನ್ನ ಕೈ ಹಿಡಿದುಕೊಂಡು, "ನೀವರ ಏನ್ ಮಾಡ್ತೀರಿ ಟೀಚರ್, ಅಕಿ ಹಣೇಬಾರ" ಎಂದಿದ್ದರು. ಅವರು ರೊಟ್ಟಿ ಮಾಡಿ ಖಾನಾವಳಿಗೆ ಕೊಡುತ್ತಾರೆ. ಅವರ ಓಣಿ ನಮ್ಮ ಮನೆಯಿಂದ ಹತ್ತು ನಿಮಿಷ. ಪೇಟೆಗೆ ಹೋಗಲು ನಾನೀಗ ದೊಡ್ಡ ಸುತ್ತು ಹಾಕುತ್ತೇನೆ.

ಅಳು ಬರುವುದಿಲ್ಲ. ಬಂದರೆ ಒಳ್ಳೆಯದು ಎಂದರು ಡಾಕ್ಟರು. ಹಲ್ಲು ಕೀಳಿಸಿಕೊಂಡು ಬಂದ ದಿನ ಕೆನ್ನೆ ಹೇಗಿರುತ್ತದೋ ಹಾಗಿದ್ದೇನೆ. ಮುಟ್ಟಿದರೆ ಮುಟ್ಟಿದ್ದು ಗೊತ್ತಾಗುತ್ತದೆ, ಅಷ್ಟೇ.

ನವೆಂಬರ್ 20, ಬುಧವಾರ

ಬಸ್ಸಿನಲ್ಲಿ ಎಲ್ಲರದೂ ಆನೆಯ ಮಾತು. ಕಬ್ಬಿಗೆ ಬಿದ್ದಿವೆಯಂತೆ, ಒಂದು ಎಕರೆ ಹಾಳಾಯಿತಂತೆ. ಕಿಟಕಿಗೆ ತಲೆ ಆನಿಸಿ ಕೂತಿದ್ದೆ. ಆನೆ ಓಡುವುದಿಲ್ಲವಲ್ಲ ಎಂದು ಹೊಳೆಯಿತು. ಆನೆ ಸಾವಕಾಶ ನಡೆಯುತ್ತದೆ. ಆನೆಯ ಆಟ ಮಾಡಿದರೆ ಯಾರೂ ಓಡಬೇಕಿಲ್ಲ.

ಶಾಲೆ ಬಿಟ್ಟ ಮೇಲೆ ಕೂತು ನಿಯಮ ಬರೆದೆ. ಮೈದಾನದಲ್ಲಿ ಸುಣ್ಣದ ಪುಡಿಯಿಂದ ಒಂದು ಚೌಕ, ಅದು ಕಬ್ಬಿನ ಹೊಲ. ಒಂದು ಮಗು ಆನೆ. ಎಡಗೈಯಿಂದ ಮೂಗು ಹಿಡಿದು, ಆ ತೋಳಿನ ಸಂದಿಯಿಂದ ಬಲಗೈ ಹೊರಗೆ ಹಾಕಿದರೆ ಸೊಂಡಿಲು. ಸೊಂಡಿಲು ತಾಗಿದವರು ಔಟ್, ಮುರಿದ ಕಬ್ಬಿನ ಹಾಗೆ ಅಲ್ಲೇ ಕೂರಬೇಕು. ಮೂಲೆಯಲ್ಲಿ ಒಂದು ಬೆಂಚು, ಅದು ಹೊಲ ಕಾಯುವ ಮಾಳ. ಅದರ ಮೇಲೆ ಹತ್ತಿ ಯಾರಾದರೂ ಎಣ್ಣೆ ಡಬ್ಬಿಯನ್ನು ಮೂರು ಸಲ ಬಡಿದರೆ ಆನೆ ಗೆರೆಯಾಚೆ ಕಾಡಿಗೆ ಹೋಗಬೇಕು, ಕೂತವರು ಏಳಬಹುದು. ಕೊನೆಯ ನಿಯಮಕ್ಕೆ ಕೆಳಗೆ ಗೆರೆ ಎಳೆದೆ. ಎಲ್ಲರೂ ನಡೆಯಬೇಕು, ಓಡಿದವರು ಆಟದಿಂದ ಹೊರಗೆ.

ನವೆಂಬರ್ 21, ಗುರುವಾರ

ಮೊದಲ ಆನೆ ಎರಡನೇ ತರಗತಿಯ ಅಜಯ. ನಿಯಮವನ್ನೆಲ್ಲ ಕೇಳಿ, ಹಿಡಿದ ಮೂಗು ಬಿಟ್ಟು ನಿಂತ.

"ಅಕ್ಕೋರ, ಆನಿ ಓಡತೈತ್ರಿ."

"ಇಲ್ಲೋ. ಆನಿ ಅಷ್ಟ ದೊಡ್ಡದ, ಹೆಂಗ ಓಡತೈತಿ?"

"ಇಲ್ರೀ. ನಮ್ಮಪ್ಪಗ ಬೆನ್ನ ಹತ್ತಿತ್ತ. ನಮ್ಮಪ್ಪ ಚಪ್ಪಲ್ ಬಿಟ್ಟ ಓಡ್ಯಾನ."

ಅಷ್ಟೇ ಸಾಕಾಯಿತು. ನಮ್ಮ ಕಾಕಾಗೂ ಬೆನ್ನ ಹತ್ತಿತ್ತ, ನಮ್ಮ ಎತ್ತಿಗೂ, ನಮ್ಮ ಆಯಿ ಬಾವ್ಯಾಗ ಇಳದ ಕುಂತಿದ್ಲ. ಇಪ್ಪತ್ತಾರು ಮಕ್ಕಳ ಮನೆಯಲ್ಲೂ ಓಡುವ ಆನೆ ಇದೆ. ನಾನು ದಾಂಡೇಲಿಯ ಮಿಲ್ಲಿನ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಆನೆಯನ್ನು ನೋಡಿದ್ದು ಮೆರವಣಿಗೆಯಲ್ಲಿ, ಸರಪಳಿ ಕಟ್ಟಿದ್ದನ್ನು.

ಈ ಆಟದಾಗ ನಡಿತೈತಿ ಎಂದೆ. ಹೊಟ್ಟೆ ನೋವು ಬಂದವರ ಹಾಗೆ ಇಪ್ಪತ್ತಾರೂ ಮಕ್ಕಳು ಹೊಲದೊಳಗೆ ನಡೆದರು. ಹತ್ತು ನಿಮಿಷಕ್ಕೆ ಇಬ್ಬರು ಆಕಳಿಸಿದರು. ದುಂಡೇಶ ಗೆರೆಯ ಸುಣ್ಣ ನೆಕ್ಕಿದ. ಯಾರೂ ಬೀಳಲಿಲ್ಲ, ಯಾರಿಗೂ ಏದುಸಿರು ಬರಲಿಲ್ಲ.

ನವೆಂಬರ್ 25, ಸೋಮವಾರ

ಇಪ್ಪತ್ತಾರಲ್ಲ, ಇಪ್ಪತ್ತೇಳು. ಅಜಯನ ತಂಗಿ ಕಾಶೆವ್ವಳನ್ನು ನಾನು ಎಣಿಸಿರಲಿಲ್ಲ. ಹಾಜರಿಯಲ್ಲಿ ಹೆಸರಿಲ್ಲದ್ದಕ್ಕೆ ಯಾರೂ ಎಣಿಸುವುದಿಲ್ಲ. ಜೂನ್‌ಗೆ ಆರು ತುಂಬಿರಲಿಲ್ಲ, ದಾಖಲೆ ಆಗಲಿಲ್ಲ. ತಾಯಿ ಕಬ್ಬು ಕಡಿಯಲು ಹೋಗುತ್ತಾಳೆ, ಹಾಗಾಗಿ ಅಣ್ಣನ ಜೊತೆ ಬಂದು ಕೊನೆಯ ಸಾಲಿನಲ್ಲಿ ಕೂರುತ್ತಾಳೆ. ಅಜ್ಜಿಯ ಹೆಸರು ಇಟ್ಟಿದ್ದಾರೆ. ಮುಖವೂ ಅಜ್ಜಿಯಷ್ಟೇ ಗಂಭೀರ.

ಇಲ್ಲಿಯ ಮಕ್ಕಳು ಅವಳನ್ನು ಲಿಂಬು ಎನ್ನುತ್ತಾರೆ. ಆಟದಲ್ಲಿ ತೀರ ಸಣ್ಣವರಿದ್ದರೆ ಅವರು ಕಚ್ಚಾ ಲಿಂಬು. ಎಲ್ಲರ ಜೊತೆ ಆಡಬಹುದು, ಆದರೆ ಯಾರು ಮುಟ್ಟಿದರೂ ಔಟ್ ಇಲ್ಲ. ಇವತ್ತಿನ ಆನೆ ಸಾಗರನ ಸೊಂಡಿಲು ಅವಳಿಗೆ ತಾಗಿತು. ಕೂತಳು. ಇಬ್ಬರು ಬಂದು ರಟ್ಟೆ ಹಿಡಿದು ಎಬ್ಬಿಸಿದರು. "ಏಳ, ನೀ ಲಿಂಬು." ಮತ್ತೆ ಕೂತಳು. ಮತ್ತೆ ಎಬ್ಬಿಸಿದರು. ಕೊನೆಗೆ ನನ್ನ ಹತ್ತಿರ ಬಂದಳು.

"ಅಕ್ಕೋರ, ನಂಗ ಮುಟ್ಯಾನ್ರಿ. ನಾ ಔಟ್ ಹೌದಲ್ರಿ?"

"ನೀ ಸಣ್ಣಾಕಿ. ನಿಂಗ ಔಟ್ ಇಲ್ಲ, ಹೋಗಿ ಆಡ."

"ಯಾಕ್ರೀ? ನಾ ಖರೇ ಆಡಾಕತ್ತೇನಿ."

ಅವಳ ರಟ್ಟೆ ಹಿಡಿದು ಮತ್ತೆ ಗೆರೆಯೊಳಗೆ ಬಿಟ್ಟೆ. ಮಧ್ಯಾಹ್ನ ಬಿಸಿಯೂಟದ ಮೊಟ್ಟೆ ಸುಲಿಯುವ ಪಾಳಿ ನನ್ನದಿತ್ತು. ನಾನು ಏಳುವಷ್ಟರಲ್ಲಿ ನಲಿ-ಕಲಿ ತರಗತಿಯ ನಿರ್ಮಲಾ ಅಕ್ಕೋರು, "ನೀವು ಕುಂದರ್ರಿ, ನಾ ಮಾಡ್ತೇನಿ" ಎಂದು ಪಾತ್ರೆ ತಮ್ಮ ಕಡೆ ಎಳೆದುಕೊಂಡರು. ಐದು ತಿಂಗಳಿಂದ ನನ್ನ ಪಾಳಿಯ ಮೊಟ್ಟೆಗಳನ್ನು ಅವರೇ ಸುಲಿಯುತ್ತಿದ್ದಾರೆ.

ನವೆಂಬರ್ 28, ಗುರುವಾರ

ನಡೆದೆವು.

ಡಿಸೆಂಬರ್ 3, ಮಂಗಳವಾರ

ಅಜಯನ ಅಪ್ಪ ಭೋಜಪ್ಪ ಮಕ್ಕಳನ್ನು ಕರೆದೊಯ್ಯಲು ಬಂದವನು ಬೇಲಿಯ ಹತ್ತಿರ ನಿಂತು ಆಟ ನೋಡಿದ. ನಗು ತಡೆದುಕೊಂಡಿದ್ದ.

"ಅಕ್ಕೋರ, ಇದ ಯಾವ ಊರ ಆನಿ?"

ಓಡಿದರೆ ಬೀಳುತ್ತಾರೆ ಎಂದೆ.

"ಬೀಳ್ಲಿ ಬಿಡ್ರಿ. ಹೋದ ವರ್ಷ ನಾ ಓಡಲಿಲ್ಲಂದ್ರ ಇವತ್ತ ಇಲ್ಲಿ ನಿಂತ ಮಾತಾಡ್ತಿರಲಿಲ್ಲ. ದಿಬ್ಬದ ಇಳಕಲಿಗೆ ಅಡ್ಡಾದಿಡ್ಡಿ ಓಡಿದ್ನಿ, ಅದಕ್ಕ ಉಳದ್ನಿ. ಹುಡುಗೂರಿಗೆ ಓಡೂದ ಕಲಸ್ರಿ ಅಕ್ಕೋರ. ಕುಂದರೂದ ಮನ್ಯಾಗ ನಾವು ಕಲಸ್ತೇವಿ."

ಅವನು ಬೈಯಲಿಲ್ಲ, ಹಾಗೇ ಹೇಳಿದ. ಆದರೂ ಬಸ್ಸಿನಲ್ಲಿ ಅದೇ ಮಾತು ಕಿವಿಯಲ್ಲಿತ್ತು. ಈ ಊರಿನಲ್ಲಿ ಓಡಲು ಬಾರದ ಮಗು ಸಾಯಬಹುದು. ಓಡಿಸಿದರೂ ಸಾಯಬಹುದು ಎಂದು ಅವನಿಗೆ ಗೊತ್ತಿಲ್ಲ, ನನಗೆ ಗೊತ್ತಿದೆ.

ಡಿಸೆಂಬರ್ 5, ಗುರುವಾರ

ಮಕ್ಕಳ ಆರೋಗ್ಯ ತಪಾಸಣೆಯವರು ವರ್ಷಕ್ಕೊಮ್ಮೆ ಬರುತ್ತಾರೆ, ಇವತ್ತು ಬಂದರು. ಹಲ್ಲು, ಕಣ್ಣು, ತೂಕ. ಎದೆ ನೋಡಿ ಎಂದೆ. ನೋಡಿದರು. ಇನ್ನೊಮ್ಮೆ ನೋಡಿ ಎಂದೆ. ಡಾಕ್ಟರು ಚಿಕ್ಕ ವಯಸ್ಸಿನವರು, ನನ್ನ ಮುಖ ನೋಡಿ ಏನೂ ಕೇಳದೆ ಇಪ್ಪತ್ತಾರೂ ಮಕ್ಕಳನ್ನು ಮತ್ತೆ ಸಾಲಿನಲ್ಲಿ ನಿಲ್ಲಿಸಿಕೊಂಡರು. ಊಟದ ಗಂಟೆ ಹೊಡೆದರೂ ಎದ್ದು ಹೋಗಲಿಲ್ಲ. ಎಲ್ಲರೂ ಸರಿಯಿದ್ದಾರೆ.

ಸಾಲಿನ ಕೊನೆಯಲ್ಲಿ ಕಾಶೆವ್ವ ತಾನೇ ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಂಡು ನಿಂತಿದ್ದಳು. ಪಟ್ಟಿಯಲ್ಲಿ ಹೆಸರಿಲ್ಲ ಎಂದು ಪಟ್ಟಿ ಬರೆಯುವ ಹುಡುಗಿ ತಪಾಸಣೆಯ ಸಾಮಾನಿನ ಡಬ್ಬಿ ಮುಚ್ಚಿದಳು. ಕಾಶೆವ್ವ ಗುಂಡಿ ಹಾಕಿಕೊಂಡಳು.

ಡಿಸೆಂಬರ್ 6, ಶುಕ್ರವಾರ

ಹತ್ತು ಹೆಜ್ಜೆ ಮಾತ್ರ ಓಡಬಹುದು ಎಂದು ನಿಯಮ ಬದಲಿಸಿದೆ. ಹತ್ತರತನಕ ಎಣಿಸಲು ಬಾರದವರು ಎಲ್ಲರಿಗಿಂತ ಹೆಚ್ಚು ಓಡಿದರು. ಎಂಥ ಕಿರುಚಾಟ. ನಿರ್ಮಲಾ ಅಕ್ಕೋರು ಹೊರಗೆ ಬಂದು ನೋಡಿದರು. ಆಟ ಮುಗಿದ ಮೇಲೆ ಒಬ್ಬೊಬ್ಬರನ್ನೇ ಕರೆದು ಬೆನ್ನ ಮೇಲೆ ಅಂಗೈ ಇಟ್ಟು ನೋಡಿದೆ. ಢವಢವ ಎನ್ನುತ್ತಿತ್ತು. ಅದು ಇಳಿಯುವವರೆಗೆ ಯಾರನ್ನೂ ಬಿಡಲಿಲ್ಲ. ಅವರಿಗೆ ಅದೂ ಆಟವೇ ಎನಿಸಿ ತಾವಾಗಿಯೇ ಸಾಲು ಹಚ್ಚಿದರು.

"ಅಕ್ಕೋರ, ನಿಮ್ಮ ಕಡೆ ಸೀಟಿ ಇಲ್ರೀ?" ಎಂದು ಸಾಗರ ಕೇಳಿದ. ಕಳೆದಿದೆ ಎಂದೆ. ಕಳೆದಿಲ್ಲ. ದಾಂಡೇಲಿಯ ಮನೆಯಲ್ಲಿ ಕಪಾಟಿನ ಕೆಳಗಿನ ಖಾನೆಯಲ್ಲಿದೆ.

ಕಾಶೆವ್ವಳಿಗೆ ನಡೆಯಲು ಹೇಳಿದೆ. ಅವಳೊಬ್ಬಳೇ ನಡೆದಳು.

ಡಿಸೆಂಬರ್ 10, ಮಂಗಳವಾರ

ಅರ್ಧ ದಿನ ರಜೆ ಹಾಕಿ ಭೋಜಪ್ಪನನ್ನೂ ಕಾಶೆವ್ವಳನ್ನೂ ಹಳಿಯಾಳದ ಆಸ್ಪತ್ರೆಗೆ ಕರೆದೊಯ್ದೆ. ಒಂದು ದಿನದ ಕೂಲಿ ಹೋಯಿತು ಎಂದು ಅವನು ಮೊದಲು ಗೊಣಗಿದ. ಅವನಿಗೆ ಚಹಾ ಕೊಡಿಸಿದೆ, ಅವಳಿಗೆ ಬನ್ನು. ಬನ್ನಿನ ಮೇಲಿನ ಸಕ್ಕರೆಯನ್ನು ಮೊದಲು ತಿಂದು ಮುಗಿಸಿ, ಉಳಿದದ್ದನ್ನು ಅಣ್ಣನಿಗೆಂದು ಜೇಬಿಗೆ ತುರುಕಿದಳು. ಎದೆಯ ಇಸಿಜಿ ತೆಗೆದರು. ಡಾಕ್ಟರಮ್ಮ ನಕ್ಕು, "ಕುದುರಿ ಇದ್ದಂಗ ಅದಾಳ" ಎಂದರು. ಹಾಗೇ ಬರೆದುಕೊಡಿ ಎಂದೆ. ಕುದುರೆ ಎಂದು ಬರೆಯಲಿಲ್ಲ, ಆಟಕ್ಕೆ ಅಡ್ಡಿಯಿಲ್ಲ ಎಂದು ಬರೆದು ಸಹಿ ಹಾಕಿದರು.

ರಜೆ ಯಾಕೆ ಎಂದು ಸರ್ ಕೇಳಲಿಲ್ಲ. ನಾನು ಯಾಕೆ ಇಷ್ಟು ಓಡಾಡಿದೆ ಎಂದು ನನಗೂ ಗೊತ್ತಿಲ್ಲ. ಕಾಗದ ಒಂದು ಇದ್ದರೆ ಒಳ್ಳೆಯದು, ಅಷ್ಟೇ.

ಡಿಸೆಂಬರ್ 17, ಮಂಗಳವಾರ

ಈಗ ಹೆಜ್ಜೆ ಎಣಿಸುವುದನ್ನು ಬಿಟ್ಟಿದ್ದೇವೆ. ದುಂಡೇಶ ಆನೆಯಾಗಿ ಓಡುವಾಗ ಮೂಗು ಹಿಡಿದ ಕೈ ಬಿಡದೆ ಬಿದ್ದ. ಗದ್ದ ಒಡೆದು ರಕ್ತ ಬಂತು. ಅಂಗಿಯೆಲ್ಲ ಕೆಂಪಾಯಿತು. ಅರಿಶಿನ ಹಚ್ಚಿ ಪಟ್ಟಿ ಕಟ್ಟಿದೆ.

ಸರ್ ಬಂದರು. ಮಗುವನ್ನು ನೋಡಿದರು, ನನ್ನನ್ನು ನೋಡಿದರು. "ಇರ್ಲಿ ಬಿಡ್ರಿ ಅಕ್ಕೋರ. ಹುಡುಗೂರು ಬೀಳ್ತಾವು. ನಿಮ್ಮ ತಪ್ಪೇನಿಲ್ಲ."

ನನಗೆ ಸಿಟ್ಟು ಬಂತು. ಎಲ್ಲಿತ್ತೋ ಅಷ್ಟು ಸಿಟ್ಟು. "ಕಲ್ಲ ಆರಸದ ಆಡ್ಸೀನಿ ಸರ್, ನನ್ನ ತಪ್ಪ ಐತಿ. ನೀವು ನೋಡಿದ್ರ ಇರ್ಲಿ ಬಿಡ್ರಿ ಅಂತೀರಿ. ಬೇರೇದವ್ರಿಗೆ ಆಗಿದ್ರ ಬೈತಿರಲಿಲ್ಲೇನ್ರಿ? ಬೈರಿ ನನಗ."

ಪಾಪ, ಹೆದರಿಬಿಟ್ಟರು. ನಿರ್ಮಲಾ ಅಕ್ಕೋರು ಚಹಾ ತಂದಿಟ್ಟರು. ಮೊಟ್ಟೆಯ ಪಾತ್ರೆ ಅವರ ಕೈಯಿಂದ ಕಿತ್ತುಕೊಂಡು ನಾನೇ ಎಲ್ಲ ಸುಲಿದೆ. ಸಂಜೆ ಮೈದಾನದ ಕಲ್ಲುಗಳನ್ನು ಒಂದೊಂದಾಗಿ ಆರಿಸಿ ಬೇಲಿಯಾಚೆ ಎಸೆದೆ. ಹೋಗುವಾಗ ಸರ್ ದೂರದಿಂದಲೇ, "ನಿಮ್ಮ ಅರ್ಜಿ ಕೊಟ್ರ ಸಹಿ ಮಾಡಿ ಕಳಸ್ತೇನ್ರಿ" ಎಂದರು. ಚೀಲದಲ್ಲಿದೆ, ನಾಳೆ ಕೊಡುತ್ತೇನೆ ಎಂದೆ.

ಹಸಿವಾಗಿತ್ತು. ಎರಡು ರೊಟ್ಟಿ ಹೆಚ್ಚು ತಿಂದೆ.

ಡಿಸೆಂಬರ್ 21, ಶನಿವಾರ

ಬ್ಯಾಗ್ ಇಲ್ಲದ ಶನಿವಾರ. ನೋಡಲು ಮೂವರು ಬಂದಿದ್ದರು. ಅವರಲ್ಲಿ ಹಿರಿಯರು ಸಂಜೀವಕುಮಾರ ಎಂಬವರು, ಕುರ್ಚಿ ಬೇಡವೆಂದು ನಿಂತೇ ನೋಡಿದರು. ಸುಣ್ಣದ ಗೆರೆ ಎಳೆದಿದ್ದೆ. ಮಾಳದ ಮೇಲೆ ಡಬ್ಬಿ ಹಿಡಿದು ಅಜಯ, ಆನೆ ಸಾಗರ. ಭೋಜಪ್ಪ ಮತ್ತು ಇನ್ನೂ ಏಳೆಂಟು ಜನ ಬೇಲಿಗೆ ಒರಗಿ ನಿಂತಿದ್ದರು.

ಬೆಳಿಗ್ಗೆ ಕಾಶೆವ್ವಳನ್ನು ಕರೆದು, ಇವತ್ತು ನೀನೂ ಓಡು ಎಂದಿದ್ದೆ. ಲಿಂಬು ಅಲ್ಲ ಎಂದು ಬೇರೆ ಮಕ್ಕಳಿಗೆ ಹೇಳಲು ಮರೆತೆ.

ಅವಳು ಚೆನ್ನಾಗಿಯೇ ಓಡಿದಳು. ಅಡ್ಡಾದಿಡ್ಡಿ, ಅಪ್ಪನ ಹಾಗೆ ಇರಬೇಕು. ನಾಲ್ಕು ಸಲ ತಪ್ಪಿಸಿಕೊಂಡಳು. ಐದನೇ ಸಲ ಸಾಗರನ ಸೊಂಡಿಲು ಜಡೆಗೆ ತಾಗಿತು. ಕೂತಳು. "ಏ ಅಕಿ ಲಿಂಬು, ಏಳ" ಎಂದು ದುಂಡೇಶ ಪಟ್ಟಿ ಕಟ್ಟಿದ ಗದ್ದ ಎತ್ತಿ ಕೂಗಿದ. ಎಲ್ಲರೂ ನಿಂತರು. ಎಲ್ಲರೂ ನನ್ನ ಕಡೆ ನೋಡಿದರು. ಅವಳೂ ನೋಡಿದಳು.

"ಕಾಶೆವ್ವ ಔಟ್!" ಎಂದೆ. ನನ್ನ ಮೈದಾನದ ದನಿ ಅದು. ಬಹಳ ದಿನ ಕೇಳಿರಲಿಲ್ಲ. ಬೇಲಿಯ ಆಚೆಯ ನಾಯಿ ಎದ್ದು ಕೂತಿತು.

ಔಟ್ ಆದದ್ದಕ್ಕೆ ಅಷ್ಟು ಖುಷಿಪಟ್ಟವರನ್ನು ಇಪ್ಪತ್ತು ವರ್ಷದ ನೌಕರಿಯಲ್ಲಿ ನಾನು ನೋಡಿಲ್ಲ. ನಗಲಿಲ್ಲ, ಕುಣಿಯಲಿಲ್ಲ. ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟು, ಪಂಚಾಯ್ತಿಗೆ ಕೂತ ಹಿರಿಯಳ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತಳು. ಅಜಯ ಡಬ್ಬಿ ಎತ್ತಿಕೊಂಡ. "ಏ ಅಣ್ಣಾ, ತಡೀ, ಈಗ ಬಡೀಬ್ಯಾಡ" ಎಂದಳು. ಇನ್ನಷ್ಟು ಹೊತ್ತು ಔಟ್ ಆಗಿಯೇ ಇರಬೇಕಿತ್ತು ಅವಳಿಗೆ.

ಆಟ ಚೆನ್ನಾಗಿತ್ತು ಎಂದರು ಬಂದವರು. ಸೀಟಿಯಿಲ್ಲದೆ ಹೇಗೆ ನಡೆಸುತ್ತೀರಿ ಎಂದು ಒಬ್ಬರು ಕೇಳಿದರು. ಡಬ್ಬಿ ಇದೆ ಎಂದೆ. ದಾಂಡೇಲಿಯ ಬಸ್ಸಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾಗಿವೆ.

ಡಿಸೆಂಬರ್ 22, ಭಾನುವಾರ

ಬೆಳಿಗ್ಗೆ ಹತ್ತಕ್ಕೆ ಪೇಟೆಗೆ ಹೊರಟೆ. ಸುತ್ತು ಹಾಕಲಿಲ್ಲ.

ನಾನಿಬಾಯಿಯ ಮನೆ ಬಾಗಿಲು ತೆರೆದೇ ಇತ್ತು. ಗ್ಯಾಸ್ ಒಲೆಯನ್ನು ನೆಲದ ಮೇಲಿಟ್ಟುಕೊಂಡು ರೊಟ್ಟಿ ಬಡಿಯುತ್ತಿದ್ದರು. ಗೋಡೆಯ ಮೇಲೆ ತುಳಜಾಳ ಫೋಟೋ, ಪಕ್ಕದಲ್ಲಿ ಕಟ್ಟು ಹಾಕಿಸಿದ ಖೋ ಖೋ ಸರ್ಟಿಫಿಕೇಟು. ಅದರ ಕೆಳಗೆ ನನ್ನ ಸಹಿ ಇದೆ.

"ಬರ್ರಿ ಟೀಚರ್" ಎಂದರು, ನಿನ್ನೆ ಬಂದು ಹೋದವಳಿಗೆ ಅನ್ನುವ ಹಾಗೆ. "ಕುಂದರ್ರಿ. ಐವತ್ತ ರೊಟ್ಟಿ ಕೊಡೂದೈತಿ, ಕೈ ಬಿಡಾಕ ಬರೂದಿಲ್ಲ."

ಕೂತೆ. ದಾರಿಯಲ್ಲಿ ಜೋಡಿಸಿಕೊಂಡ ಮಾತು ಒಂದೂ ನೆನಪಾಗಲಿಲ್ಲ. ಹೇಳಬೇಕಾದದ್ದನ್ನು ಹಾಗೇ ಹೇಳಿದೆ.

"ನಾನಿಬಾಯಾರ, ಅವತ್ತ ತುಳಜಾ ನನಗ ಎದಿ ನೋಯಾಕತ್ತೈತಿ ಅಂತ ಹೇಳಿದ್ಳು. ನಾ ಇನ್ನೊಂದ ರೌಂಡ್ ಅಂದೆ. ವಿಚಾರಣಿ ಮಾಡೋರ ಮುಂದ ಇದನ್ನ ಹೇಳಲಿಲ್ಲ."

ಬಡಿಯುವ ಸದ್ದು ನಿಂತಿತು. ಹಂಚಿನ ಮೇಲಿದ್ದ ರೊಟ್ಟಿ ಅಂಚಿನಿಂದ ಕಪ್ಪಾಗುತ್ತ ಬಂತು. ಇಬ್ಬರೂ ಅದನ್ನೇ ನೋಡುತ್ತ ಕೂತೆವು. ಯಾರೂ ತಿರುವಿ ಹಾಕಲಿಲ್ಲ.

"ಎರಡ ಸಲ" ಎಂದರು.

ನಾನು ಮುಖ ಎತ್ತಿದೆ.

"ಎರಡ ಸಲ ಹೇಳಿದ್ಳಂತ. ಮಣ್ಣ ಮಾಡಿದ ಮೂರನೇ ದಿನಾನ ಅಕಿ ಗೆಳತ್ಯಾರು ಬಂದ ಹೇಳ್ಯಾರ."

ಹೌದು, ಎರಡು ಸಲ. ಯಾರೂ ನೋಡದ ಈ ಪುಸ್ತಕದಲ್ಲೂ ನಾನು ಒಂದು ಸಲ ಎಂದೇ ಬರೆದಿದ್ದೇನೆ. ಮೊದಲ ಸಲ ಇನ್ನೊಂದು ರೌಂಡ್ ಎಂದೆ. ಎರಡನೇ ಸಲ ಅವಳು ಹೇಳುವಾಗ ಸೀಟಿ ನನ್ನ ಬಾಯಲ್ಲಿತ್ತು. ಉತ್ತರ ಕೊಡಲಿಲ್ಲ, ಸೀಟಿ ಊದಿದೆ. ಇದನ್ನೂ ಅವರಿಗೆ ಹೇಳಿದೆ.

ಸುಟ್ಟ ರೊಟ್ಟಿಯ ಹೊಗೆಗೆ ಕಣ್ಣಲ್ಲಿ ನೀರು ಬಂತು. ಅವರು ಒಲೆ ಆರಿಸಿದರು. ಆರಿಸಿದ ಮೇಲೂ ಬಹಳ ಹೊತ್ತು ಬರುತ್ತಿತ್ತು. ಅವರು ನನ್ನ ಕೈ ಹಿಡಿಯಲಿಲ್ಲ.

"ಗೊತ್ತಿದ್ದೂ ಯಾಕ ಸುಮ್ನ ಇದ್ರಿ?" ಎಂದೆ.

"ನಾ ಬಂದ ಕೇಳಿದ್ರ ನೀವು ಇಲ್ಲ ಅಂತಿದ್ರಿ. ಆಮ್ಯಾಲ ನಾ ಎಲ್ಲಿ ಹೋಗ್ಲಿ? ನೀವ ಬಂದ ಹೇಳ್ತೀರೇನಂತ ನೋಡ್ಕೋತ ಕುಂತೆ." ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡರು. "ಬಾಳ ದಿನ ಮಾಡಿದ್ರಿ ಟೀಚರ್."

ಸುಟ್ಟ ರೊಟ್ಟಿಯನ್ನು ಹಂಚಿನಿಂದ ತೆಗೆದು ಬದಿಗಿಟ್ಟರು.

"ಬರದ ಕೊಡ್ರಿ."

"ಯಾರಿಗೆ ಬರೀಲಿ?"

"ನನಗ. ಓದಾಕ ಬರೂದಿಲ್ಲ ನನಗ. ಆದ್ರೂ ನಮ್ಮನ್ಯಾಗ ಇರ್ಲಿ. ಎರಡ ಸಲ ಅಂತ ಬರೀರಿ. ಸೀಟಿ ಊದಿದ್ದೂ ಬರೀರಿ. ಸಹಿ ಮಾಡ್ರಿ, ತಾರೀಖ ಹಾಕ್ರಿ. ಆಫೀಸಿಗೆ ಒಯ್ಯಬೇಕೋ ಬ್ಯಾಡೋ ನಾ ನೋಡ್ತೇನಿ."

ಚೀಲ ತಡಕಿದೆ. ಈ ಪುಸ್ತಕ ಮನೆಯಲ್ಲಿತ್ತು. ಇದ್ದದ್ದು ಒಂದೇ ಹಾಳೆ, ನಿಯೋಜನೆಯ ಅರ್ಜಿ. ಅದರ ಹಿಂಬದಿಗೆ ಬರೆದೆ. ಆರು ಸಾಲು ಆಯಿತು. ಓದಿ ಹೇಳಿದೆ. ಎರಡು ಸಲ ಎಂಬಲ್ಲಿ ಬೆರಳಿಟ್ಟು ತೋರಿಸಿ ಎಂದರು, ತೋರಿಸಿದೆ. ಹಾಳೆಯನ್ನು ನಾಲ್ಕಾಗಿ ಮಡಚಿ ಸರ್ಟಿಫಿಕೇಟಿನ ಕಟ್ಟಿನ ಹಿಂದೆ ಸಿಕ್ಕಿಸಿದರು. ಚಹಾ ಕುಡಿಯುತ್ತೀರಾ ಎಂದು ಕೇಳಲಿಲ್ಲ. ಕೇಳದಿದ್ದದ್ದೇ ಸರಿ. ನಮ್ಮ ಕಡೆ ಚಹಾ ಕೊಟ್ಟರೆ ಮಾತು ಮುಗಿಯಿತು ಎಂದೇ ಲೆಕ್ಕ.

ಬಾಗಿಲ ತನಕ ಬಂದರು. "ಇವತ್ತ ನನಗ ಬಾಯಿ ಬರವಲ್ದು. ಮುಂದಿನ ಐತಾರ ಬರ್ರಿ. ಬೈಯೂದೈತಿ."

ಬರ್ತೇನಿ ಎಂದೆ.

ಉದಯಕುಮಾರ ಪಾಳಿ ಮುಗಿಸಿ ಬಂದಾಗ ಎಲ್ಲ ಹೇಳಿದೆ. ಬಿಡು ಎನ್ನಲಿಲ್ಲ. ಬೂಟು ಬಿಚ್ಚದೆ ಬಹಳ ಹೊತ್ತು ಕೂತರು.

ಡಿಸೆಂಬರ್ 23, ಸೋಮವಾರ

ಅರ್ಜಿ ಎಲ್ಲಿ ಎಂದು ಸರ್ ಕೇಳಿದರು. ಹಾಳೆ ಬೇರೆ ಕೆಲಸಕ್ಕೆ ಬೇಕಾಯಿತು, ಇನ್ನೊಂದು ಬರೆಯಬೇಕು ಎಂದೆ. ಬರೆದಿಲ್ಲ.

ಮೂರನೇ ಪೀರಿಯಡ್ ಆಟ. ಕಾಶೆವ್ವ ಇವತ್ತು ಆನೆ. ಮೂಗು ಹಿಡಿದು ಸೊಂಡಿಲು ಹೊರಗೆ ಚಾಚಿ, ಹೊಲದಲ್ಲಿದ್ದವರನ್ನೆಲ್ಲ ಬಿಟ್ಟು ನೆಟ್ಟಗೆ ನನ್ನ ಕಡೆ ಓಡಿ ಬಂದು ಸೀರೆಗೆ ತಾಗಿಸಿದಳು.

"ಅಕ್ಕೋರು ಔಟ್!"

"ಏ ಹುಚ್ಚಿ, ಅಕ್ಕೋರು ಆಟದಾಗ ಇಲ್ಲ" ಎಂದ ದುಂಡೇಶ.

"ಅದಾರ. ಗೆರಿ ಒಳಗ ನಿಂತಾರ ನೋಡ."

ಕೆಳಗೆ ನೋಡಿದೆ. ಒಳಗೇ ನಿಂತಿದ್ದೆ. ಯಾವಾಗ ದಾಟಿದೆನೋ ಗೊತ್ತಿಲ್ಲ. ಸೆರಗು ಸಿಕ್ಕಿಸಿ ಮಣ್ಣಿನಲ್ಲಿ ಕೂತೆ. ಡಬ್ಬಿ ಬಡಿಯುವ ತನಕ ಏಳುವ ಹಾಗಿಲ್ಲ. ಮಾಳದ ಮೇಲೆ ಅಜಯ ಡಬ್ಬಿ ಹಿಡಿದು ನಗುತ್ತ ನಿಂತಿದ್ದ, ಬಡಿಯಲು ಅವಸರ ಮಾಡಲಿಲ್ಲ. ಬಡಿ ಎಂದು ನಾನೂ ಹೇಳಲಿಲ್ಲ.